ಅಪ್ಪ ನೀರು ಹಾಕದ ಗುಂಡಿ

ಜಗಳೂರು ಕಡೆಯ ನಮ್ಮ ನಾಲ್ಕೆಕರೆ ಕೆಂಪು ಮಸಾರಿ ಹೊಲದಲ್ಲಿ ಈಗ ಮೆಕ್ಕೆಜೋಳವಿಲ್ಲ. ಕಮರ, ಹೊಂಗೆ, ಬೇವಿನ ಸಸಿಗಳಿವೆ. ಎಲ್ಲೋ ದೂರದ ಕಾರ್ಖಾನೆಗಳು ಬಿಡುವ ಹೊಗೆಗೆ ಬದಲಾಗಿ ಇಲ್ಲಿ ಮರ ಬೆಳೆಸುವ ಕಂಪನಿಯ ಕೆಲಸ ಅದು. ಹರೆಯದಲ್ಲಿ ಅಪ್ಪ ಇದೇ ಹೊಲದ ಕಮರದ ಮರಗಳನ್ನು ಬುಡಸಮೇತ ಕಿತ್ತು ಹಸನು ಮಾಡಿದ್ದ. ಅದನ್ನೇ ಮತ್ತೆ ನೆಡುತ್ತಾರಂತೆ ಎಂದು ನಾನು ಹೇಳಿದಾಗ, "ಬುದ್ಧಿ ಬರಾಕೆ ಇಷ್ಟು ವರ್ಷ ಬೇಕಾತು ನೋಡು" ಎಂದ. ಬುದ್ಧಿ ಬಂದದ್ದು ಯಾರಿಗೆ ಎಂದು ಹೇಳಲಿಲ್ಲ.

ಕಂಪನಿಯ ಕರಾರಿಗೆ ಓಡಾಡಿದವಳು ನಾನು. ಮನೆಯಲ್ಲಿ ಓದಿದವಳು ನಾನೊಬ್ಬಳೇ, ಹಾಗಾಗಿ ಕಾಗದ ಓದದೆ ಸಹಿ ಹಾಕಿಸುವ ಹಕ್ಕೂ ನನ್ನದೇ ಆಗಿತ್ತು. ಸಸಿ ನೆಟ್ಟ ಮೇಲೆ ಹೊಲಕ್ಕೆ ಹೋದಾಗ ತಪ್ಪು ಕಣ್ಣಿಗೆ ಬಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಹೂಳುತ್ತೇವೆ. ಬದುವಿನ ಹತ್ತಿರ ಅವ್ವನ ಸಮಾಧಿ ಇದೆ. ಕಂಪನಿಯವರು ಅದನ್ನು ಮರ್ಯಾದೆಯಿಂದ ಬಿಟ್ಟಿದ್ದರು. ಅದರ ಪಕ್ಕದ ಜಾಗ ಅಪ್ಪನದು. ಅವ್ವ ಹೋದ ದಿನವೇ ಹೆಜ್ಜೆಯಲ್ಲಿ ಅಳೆದು ನನಗೆ ತೋರಿಸಿದ್ದ. ಸರಿಯಾಗಿ ಅಲ್ಲೇ ಒಂದು ಹೊಂಗೆ ಸಸಿ ನಿಂತಿತ್ತು. ಕರಾರಿನ ಪ್ರಕಾರ ಮೂವತ್ತು ವರ್ಷ ಯಾವ ಗಿಡವನ್ನೂ ಕೀಳುವಂತಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಪ್ಪನಿಗೆ ಹೇಳಿದೆ. "ಆತು ಬಿಡು" ಎಂದ, ಅಷ್ಟೆ.

ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತಿತ್ತು. ಅಪ್ಪ ಬಿಂದಿಗೆ ಹಿಡಿದು ಸಾಲು ಸಾಲಾಗಿ ನೀರು ಹಾಕುತ್ತಿದ್ದ. ಮಳೆಗಾಲದಲ್ಲಿ ಸಸಿ ಎಣಿಸಲು ಬಂದ ಕಂಪನಿಯ ಸೂಪರ್‌ವೈಸರ್, ಒಣಗಿದ ಆ ಹೊಂಗೆಯ ಗುಂಡಿಯಲ್ಲಿ ಹೊಸದನ್ನು ನೆಟ್ಟರು. ಮರುವರ್ಷ ಅದೂ ಒಣಗಿತ್ತು. ಗೆದ್ದಲಿರಬೇಕೆಂದು ಬೇವಿನ ಹಿಂಡಿ ಹಾಕಿ, ಜಪ್ಪಯ್ಯ ಅಂದರೂ ಸಾಯದ ಜಾತಿ ಎಂದು ಕಮರ ನೆಟ್ಟರು. ಅದೂ ಹೋಯಿತು. ಸುತ್ತಲಿನವೆಲ್ಲ ಮೊಣಕಾಲು ದಾಟಿದ್ದವು.

ಕಾರಣ ನನಗೆ ಗೊತ್ತಿತ್ತು. ಮೊದಲ ಬೇಸಿಗೆಯಲ್ಲೇ ಒಂದು ದಿನ ಬದುವಿನ ಮೇಲೆ ನಿಂತು ನೋಡಿದ್ದೆ. ಅಪ್ಪ ಆಚೆಯ ಸಸಿಗೆ ಹಾಕಿದ, ಈಚೆಯದಕ್ಕೆ ಹಾಕಿದ, ನಡುವಿನದನ್ನು ದಾಟಿ ನಡೆದ. ನನ್ನನ್ನು ಕಂಡ. ಬಿಂದಿಗೆ ತುಂಬಿಕೊಳ್ಳಲು ಟ್ಯಾಂಕರ್ ಕಡೆ ಹೊರಟ. ನಾನು ಮನೆಗೆ ಬಂದು ಒಬ್ಬಳೇ ಕೂತು ಅತ್ತೆ.

ಈ ವರ್ಷ ಮಳೆ ತಡವಾಗಿ ಅಪ್ಪ ಇನ್ನೂ ನೀರು ಹೊರುತ್ತಿದ್ದ. ಸೂಪರ್‌ವೈಸರ್ ನಾಲ್ಕನೆಯ ಸಸಿ ಹಿಡಿದು ಬಂದಾಗ ನಾನೇ ಅಡ್ಡ ಹೋದೆ.

"ಈ ಗುಂಡಿ ಬಿಡ್ರಿ. ಇದು ನಮ್ಮ ಅಪ್ಪಂದು."

ಅವರು ಸಮಾಧಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸಸಿಗಳ ಲೆಕ್ಕ ಇಡುವ ಫೋನು ತೆಗೆದು, ಹಾಗಾದರೆ ಇದನ್ನು ಖಾಲಿ ಎಂದು ಬರೆಯಬೇಕಾಗುತ್ತದೆ ಎಂದರು. ಎರಡು ಸಾಲು ಆಚೆಯಿದ್ದ ಅಪ್ಪ ಬಿಂದಿಗೆ ಇಳಿಸಿದ.

"ಖಾಲಿ ಅಂತ ಬರೀಬ್ಯಾಡ್ರಿ. ಬರೋರು ಅದಾರೆ ಅಂತ ಬರೀರಿ."

ಸೂಪರ್‌ವೈಸರ್ ಫೋನು ಜೇಬಿಗೆ ಹಾಕಿ, ತಂದ ಸಸಿಯನ್ನು ಎಲ್ಲಿ ನೆಡಲಿ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಅವ್ವನ ಸಮಾಧಿಯಿಂದ ಪಡುವಣಕ್ಕೆ ಹೆಜ್ಜೆ ಅಳೆಯುತ್ತ ಹೋಗಿ, ಸಸಿ ಮರವಾದಾಗ ಅದರ ಸಂಜೆಯ ನೆರಳು ಇಬ್ಬರ ಮೇಲೂ ಬೀಳುವಲ್ಲಿ ನಿಂತ. ಆ ಸಸಿಗೆ ಮೊದಲ ಬಿಂದಿಗೆ ನೀರು ಅವನೇ ಹಾಕಿದ.