ಬೆರಳಿಗೆ ಕಾಮಾ, ಅಂಗೈಗೆ ಪೂರ್ಣವಿರಾಮ

ಅವರ ತೋರುಬೆರಳು ಮೇಜಿಗೆ ಟಕ್ ಎಂದರೆ ಕಾಮಾ. ಇಡೀ ಅಂಗೈ ಬಿದ್ದರೆ ಪೂರ್ಣವಿರಾಮ. ತೆಲಂಗಾಣದ ಗಡಿಯೂರು ಮಕ್ತಲ್‌ನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ರಾಯಚೂರಿನ ಕನ್ನಡ ಪತ್ರಿಕೆಗೆ ಫೋನಿನಲ್ಲಿ ಸುದ್ದಿ ಓದಿ ಹೇಳುವಾಗ ನಮ್ಮ ಹಿರಿಯ ವರದಿಗಾರರು ಹೀಗೆ ಬಡಿಯುತ್ತಿದ್ದರು. ಚಹಾದ ಗ್ಲಾಸುಗಳು ಕುಣಿಯುತ್ತಿದ್ದವು. ವಾಟ್ಸ್‌ಆ್ಯಪ್ ಬಂದ ಮೇಲೂ ಈ ಚಾಳಿ ಬಿಡಲಿಲ್ಲ ಪುಣ್ಯಾತ್ಮ. ನಾನು ಬರೆದದ್ದನ್ನೂ ಕಳಿಸುವ ಮುಂಚೆ ಗಟ್ಟಿಯಾಗಿ ಓದಲೇಬೇಕು. ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಕತ್ತರಿಸಬೇಕು.

"ಈ ಆಶ್ಚರ್ಯಚಿಹ್ನಿ ಯಾಕ ತಂಗಿ? ಓದೋರಿಗೆ ಆಶ್ಚರ್ಯ ಆದ್ರ ಆಗ್ತೈತಿ. ನೀ ಯಾಕ ಬಾಜೂಕ ಬಡಿಗಿ ಹಿಡ್ಕೊಂಡು ನಿಂದರ್ತಿ?"

ಇನ್ನೊಂದು ಕಟ್ಟಪ್ಪಣೆ: "ಸುದ್ದಿಯೊಳಗ ಬರಿಯೋರು ಬರಬಾರದು."

ನಾರಾಯಣಪೇಟೆಯಲ್ಲಿ ಸೀರೆ ನೇಯುವ ಅಜ್ಜನೊಬ್ಬ ತೀರಿದಾಗ, ಎಲ್ಲರಂತೆ "ಮೃತರಿಗೆ ಅಪಾರ ಬಂಧುಬಳಗ ಇದೆ" ಎಂದು ಬರೆದೆ. ಅಂಗೈ ಬಿತ್ತು.

"ಆ ಬಳಗ ನೀ ನೋಡೀಯೇನು?"

"ಎಲ್ಲಾರೂ ಹಂಗೇ ಬರೀತಾರಲ್ರಿ ಸರ್."

"ಹೋಗಿ ಕೇಳ್ಕೊಂಡು ಬಾ. ಮನ್ಯಾಗ ಯಾರು ಉಳಿದಾರ, ಅಷ್ಟೇ ಬರಿ."

ಸಿಟ್ಟು ನೆತ್ತಿಗೇರಿತು. ಸುಡುಬಿಸಿಲಲ್ಲಿ ಮತ್ತೆ ಬಸ್ಸು ಹತ್ತಿದೆ. ಖಾಲಿ ಮಗ್ಗದ ಮುಂದೆ ಅಜ್ಜನ ತಂಗಿ ಒಬ್ಬಳೇ ಕೂತಿದ್ದಳು. "ಒಬ್ಬ ತಂಗಿ ಇದ್ದಾರೆ" ಎಂದು ತಿದ್ದಿ ಓದಿದೆ. ಸರ್ ಆ ಸಲ ಮೇಜು ಬಡಿಯಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಎಂದೋ ತೀರಿಹೋಗಿದ್ದರು, ಮಕ್ಕಳಾಗಿರಲಿಲ್ಲ.

ಮಕ್ಕಳೆಲ್ಲ ತೆಲುಗು ಶಾಲೆಗೆ ಹೋಗುವ ಊರಲ್ಲಿ ಕನ್ನಡ ಪತ್ರಿಕೆ ಕೊಳ್ಳುವವರು ಕಮ್ಮಿಯಾಗುತ್ತಲೇ ಬಂದರು.

"ನಮ್ಮದು ಯಾರು ಓದ್ತಾರ್ರಿ ಸರ್?"

"ನಿಂದು ನಾ ಓದ್ತೀನಿ, ನಂದು ನೀ ಓದ್ತಿ. ಸಾಲ್ದೇನು?"

ಸಾಲುತ್ತಿತ್ತು, ನಿಜವಾಗಿಯೂ.

ಅವರು ಗದ್ವಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೋಟೆಲಿನ ಅದೇ ಮೇಜಿಗೆ ಕೂತು ಸುದ್ದಿ ಬರೆದೆ. ಯಾರು ಉಳಿದಿದ್ದಾರೆ ಎಂಬ ಕೊನೆಯ ವಾಕ್ಯಕ್ಕೆ ಕೈ ನಿಂತಿತು. ಯಾರೂ ಇಲ್ಲ ಎಂದರೆ ಸುಳ್ಳು. ಇದ್ದಾರೆ ಎನ್ನಬೇಕಾದರೆ ನಾನೇ ಸುದ್ದಿಯೊಳಗೆ ಬರಬೇಕು. ಪತ್ರಿಕೆಗೆ ಫೋನ್ ಹಚ್ಚಿ, ಬರೆದಷ್ಟನ್ನು ಓದಿದೆ.

"ಅಪಾರ ಬಂಧುಬಳಗ ಅಂತ ಹಾಕ್ಲೇನ್ರಿ ಮೇಡಂ?" ಎಂದರು ಡೆಸ್ಕಿನವರು.

"ಬ್ಯಾಡ್ರಿ. ಒಬ್ಬ ಶಿಷ್ಯೆ ಇದ್ದಾರೆ ಅಂತ ಹಾಕ್ರಿ."

"ಹೆಸರು?"

"ಹೆಸರು ಬ್ಯಾಡ್ರಿ" ಎಂದೆ. ಅಂಗೈ ತಾನಾಗಿ ಮೇಜಿಗೆ ಬಿತ್ತು.

ಮರುದಿನ ರಾಯಚೂರು ಬಸ್ಸಿನಲ್ಲಿ ಪತ್ರಿಕೆ ಬಂತು. ಅದೇ ಮೇಜಿಗೆ ಕೂತು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ರೂಢಿಯಂತೆ, ಎದುರಿನ ಕುರ್ಚಿ ನೋಡಿದೆ.