ಐದರಿಂದ ಹನ್ನೊಂದರವರೆಗೆ

ಇಪ್ಪತ್ತೆರಡು ವರ್ಷದಿಂದ ನಾನು ದುಬೈಯ ಊದ್ ಮೇಥಾದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಅಂದರೆ ಮೊದಲ ಮಹಾಯುದ್ಧವನ್ನು ಇಪ್ಪತ್ತೆರಡು ಸಲ ಶುರು ಮಾಡಿ ಇಪ್ಪತ್ತೆರಡು ಸಲ ಮುಗಿಸಿದ್ದೇನೆ. ಸಾಕಾಗಿದೆ. ಆಸ್ಟ್ರಿಯಾದ ಯುವರಾಜನನ್ನು ಸರಾಯೆವೊದ ಬೀದಿಯಲ್ಲಿ ಕೊಂದರು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಬಿತ್ತು. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ಆಮೇಲೆ ಫ್ರಾನ್ಸ್, ಬ್ರಿಟನ್. ‘ತಕ್ಷಣದ ಕಾರಣ’ ಎಂದು ಬರೆದು ಕೆಳಗೆ ಗೆರೆ ಎಳೆಯಿರಿ ಎಂದು ಮಕ್ಕಳಿಗೆ ಹೇಳುತ್ತೇನೆ. ಎಳೆಯದವರಿಗೆ ಅರ್ಧ ಅಂಕ ಕಡಿಮೆ.

ನನ್ನ ಮತ್ತು ನನ್ನ ತಂಗಿಯ ಯುದ್ಧದ ತಕ್ಷಣದ ಕಾರಣ ಒಂದು ಪಿಡಿಎಫ್.

ತಂಗಿ ಅಲ್ ಐನ್‌ನಲ್ಲಿ ನರ್ಸ್. ನಾಲ್ಕು ವರ್ಷದ ಹಿಂದೆ ಮಗಳ ಮದುವೆ ನಿಶ್ಚಯವಾದಾಗ ಅವಳು ಮದುವೆಯ ಕಾಗದವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ನಮ್ಮ ಕಡೆ ಹಾಗಲ್ಲ. ಮನೆಗೆ ಬಂದು, ಕಾಗದವನ್ನು ಕೈಗೆ ಕೊಟ್ಟು, ಬಾಯಿಬಿಟ್ಟು ಹೇಳಿಕೆ ಹೇಳಬೇಕು. ಒಡಹುಟ್ಟಿದವರಿಗಂತೂ ಎಲ್ಲರಿಗಿಂತ ಮೊದಲು. ಒಂದೂವರೆ ಗಂಟೆ ಕಾರಿನಲ್ಲಿ ಕೂತು ನಾವಿರುವ ಡಿಸ್ಕವರಿ ಗಾರ್ಡನ್ಸ್‌ಗೆ ಬರಲು ಅವಳಿಗೆ ಆಗಲಿಲ್ಲವೇ? ನಾನು ಮದುವೆಗೆ ಹೋಗಲಿಲ್ಲ. ಅವಳು ಫೋನ್ ಮಾಡಲಿಲ್ಲ. ಮಂಗಳೂರಿನ ಅಣ್ಣ ಅವಳ ಪರ ನಿಂತ. ಅಬುಧಾಬಿಯ ಚಿಕ್ಕಮ್ಮನ ಮಕ್ಕಳು, ಯಾರೂ ಕರೆಯದಿದ್ದರೂ, ನನ್ನ ಪರ ಬಂದರು. ನನ್ನ ಗಂಡ ಮಾತ್ರ ತಟಸ್ಥ ರಾಷ್ಟ್ರ. ಎರಡೂ ಕಡೆಯವರ ಫೋನ್ ಎತ್ತಿ ‘ಹೌದೌದು’ ಎನ್ನುತ್ತಿದ್ದರು. ಸಾವಿರದ ಒಂಬೈನೂರ ಹದಿನಾಲ್ಕರ ಸೈನಿಕರು ಕ್ರಿಸ್‌ಮಸ್ಸಿಗೆ ಮನೆ ಸೇರುತ್ತೇವೆಂದು ಹೊರಟಿದ್ದರಂತೆ. ನಾನೂ ದೀಪಾವಳಿಗೆ ಇವಳ ಫೋನ್ ಬಂದೇ ಬರುತ್ತದೆ ಎಂದುಕೊಂಡಿದ್ದೆ. ನಾಲ್ಕು ದೀಪಾವಳಿ ಹೋದವು.

ಈ ವರ್ಷ ಯುದ್ಧದ ಪಾಠ ಕೊನೆಗೆ ಬಂದ ವಾರವೇ ಗಂಡ ಊಟದ ಹೊತ್ತಿಗೆ ಹೇಳಿದರು, “ನಿನ್ನ ತಂಗಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗ್ತಾಳಂತೆ. ಮಗಳ ಸಂಸಾರವೂ ಒಟ್ಟಿಗೇ. ಈ ತಿಂಗಳ ಕೊನೆಗೆ ಖಲಾಸ್.”

“ಹೋಗ್ಲಿ, ನಂಗೆಂತ?” ಎಂದೆ. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಅವಳು ಊರಿಗೆ ಹೋದಮೇಲೆ ಈ ಜಗಳ ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ದೊಡ್ಡವಳು ನಾನು, ಮೊದಲು ಯಾಕೆ ಬಗ್ಗಬೇಕು?

ಮರುದಿನ ತರಗತಿಯಲ್ಲಿ ಯುದ್ಧ ಮುಗಿಸಿದೆ. ಯಾರೂ ಹೊಡೆದು ಗೆದ್ದದ್ದಕ್ಕಿಂತ ಎಲ್ಲರೂ ಸುಸ್ತಾದದ್ದೇ ಹೆಚ್ಚು. ಜರ್ಮನಿಯಲ್ಲಿ ಜನರಿಗೆ ಹೊಟ್ಟೆಗಿರಲಿಲ್ಲ, ನಾವಿಕರು ತಿರುಗಿ ಬಿದ್ದರು, ಚಕ್ರವರ್ತಿ ಪಲಾಯನ ಮಾಡಿದ. ಕಾಡಿನಲ್ಲಿ ನಿಂತ ಒಂದು ರೈಲು ಡಬ್ಬಿಯಲ್ಲಿ ಬೆಳಗಿನ ಐದು ಗಂಟೆಯ ಸುಮಾರಿಗೆ ಕದನವಿರಾಮಕ್ಕೆ ಸಹಿಯಾಯಿತು. ಹನ್ನೊಂದಕ್ಕೆ ಬಂದೂಕು ನಿಂತವು. ನಡುವಿನ ಆ ಆರು ಗಂಟೆಯಲ್ಲೂ ಜನ ಸತ್ತರು.

ಮುಂದಿನ ಬೆಂಚಿನ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, “ಮ್ಯಾಮ್, ಐದಕ್ಕೇ ಮುಗಿದಿತ್ತಲ್ಲ? ಮತ್ತೆ ಯಾಕೆ ಹೊಡೆದರು?”

“ಸುದ್ದಿ ಎಲ್ಲ ಕಡೆ ತಲುಪಬೇಕಲ್ಲ.”

“ಆದರೆ ಅವರ ಹತ್ತಿರ ಟೆಲಿಫೋನ್ ಇತ್ತು, ಮ್ಯಾಮ್.”

“ಅದು ಪರೀಕ್ಷೆಗೆ ಬರೋದಿಲ್ಲ. ಕೂತ್ಕೋ,” ಎಂದು ರೇಗಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ನಾಚಿಕೆಪಟ್ಟೆ. ಊರ ಮಕ್ಕಳಿಗೆಲ್ಲ ಕಾರಣ, ಪರಿಣಾಮ ಬರೆಸುವವಳು ನಾನು. ನನ್ನ ಸಿಟ್ಟು ಮೊದಲ ವರ್ಷವೇ ಮುಗಿದಿತ್ತು. ಮುಗಿದಮೇಲೂ ಮೂರು ವರ್ಷ ಹಟ ಹಿಡಿದು ಕೂತಿದ್ದೆ, ಅಷ್ಟೆ.

ಶನಿವಾರ ಯಾರಿಗೂ ಹೇಳದೆ ಅಲ್ ಐನ್‌ಗೆ ಹೊರಟೆ. ತಂಗಿ ಬಾಗಿಲು ತೆರೆದಳು. ತಲೆ ಪೂರ್ತಿ ನರೆತಿತ್ತು. ಅವಳ ಹಿಂದೆ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು.

“ಬಂದಿಯಾ ಅಕ್ಕ,” ಎಂದಳು. ಒಂದು ಪೆಟ್ಟಿಗೆ ಸರಿಸಿ ನನಗೆ ಜಾಗ ಮಾಡುತ್ತ, “ಆಗ ನಂಗೆ ವಾರವಿಡೀ ಡ್ಯೂಟಿ ಇತ್ತು. ಬರ್ಲಿಕ್ಕೆ ಆಗ್ಲಿಲ್ಲ. ಹೇಳ್ಲಿಕ್ಕೂ ಬಾಯಿ ಬರ್ಲಿಲ್ಲ.”

“ಬಿಡು ಮಾರಾಯ್ತಿ. ನಂಗೂ ಸಾಕಾಗಿದೆ.”

ಯಾರೂ ಕ್ಷಮೆ ಕೇಳಲಿಲ್ಲ. ಅವಳು ಚಹಾ ಮಾಡಿದಳು. ಸಕ್ಕರೆ ಎಷ್ಟು ಎಂದು ಅವಳು ನನ್ನನ್ನು ಕೇಳಬೇಕಾಯಿತು.

ಆಗ ಒಳಗಿನಿಂದ ಮೂರು ವರ್ಷದ ಒಂದು ಹೆಣ್ಣುಮಗು ಓಡಿಬಂದು ನನ್ನನ್ನು ಕಂಡು ಗಕ್ಕನೆ ನಿಂತಿತು. ತಂಗಿಯ ಮೊಮ್ಮಗಳು. ಫೋಟೋದಲ್ಲೂ ನಾನು ಸರಿಯಾಗಿ ನೋಡಿರಲಿಲ್ಲ.

“ಅಜ್ಜಿ, ಹೂ ಈಸ್ ದಿಸ್ ಆಂಟಿ?”

“ಆಂಟಿ ಅಲ್ಲ ಪುಟ್ಟಾ, ನಿನ್ನ ದೊಡ್ಡಜ್ಜಿ,” ಎಂದಳು ತಂಗಿ.

ನಾನು ಕೈ ಚಾಚಿದೆ. ಮಗು ಅಜ್ಜಿಯ ಹಿಂದೆ ಸರಿದು ಅವಳ ನೈಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನನ್ನ ಮನೆಯಿಂದ ಬರೀ ಒಂದೂವರೆ ಗಂಟೆಯ ದೂರದಲ್ಲಿ ಹುಟ್ಟಿ ಬೆಳೆದ ಮಗು. ಒಂದು ದಿನವೂ ನಾನು ಅದನ್ನು ಎತ್ತಿಕೊಂಡಿರಲಿಲ್ಲ. ಅವರ ಟಿಕೆಟ್ ಮುಂದಿನ ಶುಕ್ರವಾರಕ್ಕೆ ಇತ್ತು.