ಧಾರೆಗೆ ಒಡ್ಡದ ಕೈ

ಸಾಕ್ಷಿ ಹಾಕಿಸಲು ಜನ ಎಂಥ ಮನುಷ್ಯನನ್ನು ಹುಡುಕುತ್ತಾರೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಧೈರ್ಯವಂತನೇ ಬೇಕೆಂದಿಲ್ಲ, ಬುದ್ಧಿವಂತನಂತೂ ಬೇಡ. ಅಕ್ಷರ ದುಂಡಗಿರಬೇಕು, ಅಂಗಿ ಒಗೆದದ್ದಿರಬೇಕು, ಕರೆದಾಗ ಮನೆಯಲ್ಲಿರಬೇಕು. ಶಾಲಾ ಮೇಷ್ಟ್ರಾದ ನನಗೆ ಈ ಅರ್ಹತೆಗಳೆಲ್ಲ ಇದ್ದುದರಿಂದ, ಹೊಸನಗರದಿಂದ ತೀರ್ಥಹಳ್ಳಿಯವರೆಗೆ ಎಷ್ಟೋ ಕ್ರಯಪತ್ರಗಳ ಕೊನೆಯಲ್ಲಿ ನನ್ನ ಹೆಸರು, ಊಟದೆಲೆಯ ತುದಿಯ ಉಪ್ಪಿನಂತೆ, ಗಂಭೀರವಾಗಿ ಕುಳಿತಿದೆ.

ಕಾರ್ಗಲ್ಲಿನ ಕಡೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಕೋಣಂದೂರಿನ ಸಿಂಗಾರಮ್ಮ ಎಂಬ ವಿಧವೆ ತಮ್ಮ ಉಯಿಲಿಗೆ ಸಾಕ್ಷಿಯಾಗಲು ನನ್ನನ್ನು ಕರೆಸಿದರು. ಪೇಟೆಬೀದಿಯ ಸ್ವಂತ ಮನೆ ತಮ್ಮ ಕಾಲಾನಂತರ ಬಡವರ ಹೆರಿಗೆಮನೆಯಾಗಬೇಕೆಂಬುದು ಅವರ ಇಚ್ಛೆ. ಅವರ ಒಬ್ಬಳೇ ಮಗಳು ಹೆರಿಗೆನೋವಿನಲ್ಲಿ, ತೀರ್ಥಹಳ್ಳಿಯ ದಾರಿಯಲ್ಲಿ, ಎತ್ತಿನ ಗಾಡಿಯೊಳಗೇ ತೀರಿಕೊಂಡಿದ್ದಳು. ಉಯಿಲಿನ ದಿನ ಆ ಮಾತನ್ನು ಯಾರೂ ಎತ್ತಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಪತ್ರ ಬರೆಯುವ ರಾಮಯ್ಯನವರು ಉಯಿಲನ್ನು ಓದಿ ಮುಗಿಸಿದರು. ಸಿಂಗಾರಮ್ಮ ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಕುಡಿ ತುಳಸಿ ತಂದರು.

"ಇದೆಂತಕ್ಕಮ್ಮ?" ಎಂದರು ರಾಮಯ್ಯ.

"ಧಾರೆ ಎರೀಬೇಕಲ್ಲ. ಬರೀ ಕಾಗದದಲ್ಲಿ ಕೊಟ್ರೆ ಕೊಟ್ಟಂಗಾಯ್ತಾ?"

"ಇದು ನೀವು ಹೋದ್ಮೇಲೆ ನಡೆಯೋದು ಮಾರಾಯ್ರೆ."

"ಹೋದ್ಮೇಲೆ ನೀರು ಬಿಡೂಕೆ ನಾನು ಬರ್ತೀನಾ? ಇಲ್ಲಿ ಹೆರೂಕೆ ಬರೋ ಹುಡ್ಗೀರ ಪರವಾಗಿ ಯಾರಾದ್ರೂ ಕೈ ಒಡ್ಡಿ."

ದಾನದ ನೀರು ಹಿಡಿದವನಿಗೆ ಕೊಟ್ಟವರ ಪಾಪವೂ ಅಂಟುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾದದ್ದು. ಸಿಂಗಾರಮ್ಮನ ಮೈದುನ ದ್ಯಾವಪ್ಪಗೌಡರು ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ನಂಗೆ ಮಕ್ಳು ಮರಿ ಇದಾವೆ ಅತ್ತಿಗೆ" ಎಂದರು.

"ಮೇಷ್ಟ್ರು ಹಿಡೀಲಿ," ಎಂದರು ರಾಮಯ್ಯ. "ಅವ್ರಿಗೆ ಇದ್ರಲ್ಲೆಲ್ಲ ನಂಬ್ಕೆ ಇಲ್ಲ."

ನಿಜ, ಇರಲಿಲ್ಲ. ಗ್ರಹಣದ ದಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು ಮೂಢನಂಬಿಕೆಯ ಮೇಲೆ ಭಾಷಣ ಮಾಡಿದವನು ನಾನು. ಆದರೆ ತರಗತಿಯಲ್ಲಿ ನಂಬದಿರುವುದಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕು. ಆ ತಂಬಿಗೆಯ ಮುಂದೆ ಬೇಕಾದದ್ದು ಬೇರೇನೋ. ನನ್ನ ಕೈ ನನ್ನನ್ನು ಕೇಳದೆ ಶಾಲಿನೊಳಗೆ ಸೇರಿಕೊಂಡಿತ್ತು. "ಸಾಕ್ಷಿಯಾದವನು ಹಿಡಿಯುವಂತಿಲ್ಲ" ಎಂದೆ, ಕಾನೂನಿನ ಒಂದು ಪುಟವನ್ನೂ ಓದದವನು. ರಾಮಯ್ಯನವರಾದರೂ ಅದು ಸುಳ್ಳೆನ್ನಲಿಲ್ಲ; ಅಂದಿದ್ದರೆ ಕೈ ಒಡ್ಡುವ ಮುಂದಿನ ಸರದಿ ಅವರದಾಗುತ್ತಿತ್ತು.

ಸಿಂಗಾರಮ್ಮ ನಮ್ಮ ಮೂವರನ್ನೂ ನಿಧಾನವಾಗಿ ನೋಡಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆಮೇಲೆ ತಮ್ಮ ಎಡ ಅಂಗೈಯಲ್ಲಿ ತುಳಸಿ ಇಟ್ಟುಕೊಂಡು, ಬಲಗೈಯಿಂದ ತಾವೇ ನೀರು ಬಿಟ್ಟರು. ಅದು ಅಂಗೈ ತುಂಬಿ, ಮೊಣಕೈವರೆಗೆ ಹರಿದು, ಸೆರಗಿಗೆ ಇಳಿಯಿತು.

"ಪಾಪ ಇದ್ರೆ ನನ್ನ ಹತ್ರಾನೇ ಇರ್ಲಿ," ಎಂದರು. "ಮನೆ ಅವ್ರಿಗೆ ಹೋಗ್ಲಿ."

ಒದ್ದೆ ಕೈಯನ್ನು ಒರೆಸಿಕೊಳ್ಳದೆ ಕಾಗದವನ್ನು ನನ್ನ ಕಡೆ ಸರಿಸಿದರು.

"ಸಹಿ ಹಾಕಿ ಮೇಷ್ಟ್ರೇ. ಇದ್ರಿಂದ ನಿಮಗೆ ಎಂತೂ ಅಂಟೂದಿಲ್ಲ."

ನಾನು ಶಾಲಿನೊಳಗಿಂದ ಕೈ ತೆಗೆದೆ.